ಇಪ್ಪತ್ತನೆಯ ಮಧ್ಯಾಹ್ನ

ಮಂಗಳೂರಿನ ಹವಾಮಾನ ಕಚೇರಿಯೊಂದರಲ್ಲಿ ಪುಷ್ಪಾಳ ಕೆಲಸ, ಕರಾವಳಿಯ ಗುಡುಗುಮಳೆಯನ್ನು ಮೊದಲೇ ಹೇಳುವುದು. ಸಮುದ್ರದ ಗಾಳಿ ಘಟ್ಟ ಹತ್ತಿ ಆಚೆಯ ಒಣಗಾಳಿಗೆ ಡಿಕ್ಕಿ ಹೊಡೆದಾಗ ಮೋಡ ಎದ್ದು ನಿಲ್ಲುತ್ತದೆ. ಎಲ್ಲಿ ಎಂಬುದೇ ಪ್ರಶ್ನೆ. ಅದಕ್ಕಾಗಿ ಕಂಪ್ಯೂಟರ್ ಒಂದೇ ಮಧ್ಯಾಹ್ನವನ್ನು ಇಪ್ಪತ್ತು ಸಲ ಲೆಕ್ಕ ಹಾಕುತ್ತದೆ, ಪ್ರತಿ ಸಲವೂ ಬೆಳಗಿನ ಗಾಳಿಯನ್ನೋ ತೇವವನ್ನೋ ಕೂದಲೆಳೆಯಷ್ಟು ಬದಲಿಸಿ.

ಈ ಲೆಕ್ಕಕ್ಕಾಗಿ ಚೌಕ ಚೌಕವಾಗಿ ಹಂಚಿದ ಹಳೆಯ ನಕ್ಷೆಯಲ್ಲಿ, ಘಟ್ಟದಾಚೆಯ ನ್ಯಾಮತಿ ಸೀಮೆಗೆಲ್ಲ ಸೇರಿ ಎರಡು ಮೂರು ಚೌಕ. ಈ ವರ್ಷ ಕಂಪ್ಯೂಟರಿಗೆ ಬಂದ ಹೊಸ ಮಾದರಿಯಲ್ಲಿ ಚೌಕದ ಅಗಲ ಒಂದು ಕಿಲೋಮೀಟರಿಗೆ ಇಳಿದಿತ್ತು. ನಕ್ಷೆಯ ಪೂರ್ವದ ಅಂಚಿನಲ್ಲಿ, ಯಾರೂ ನೋಡದ ಕಡೆ, ಅಲ್ಲಿನ ಪಂಚಾಕ್ಷರಪ್ಪ ಗೌಡನ ಹೊಲಕ್ಕೂ ಒಂದು ಚೌಕ ಸಿಕ್ಕಿತ್ತು. ಬೇಸಿಗೆಗೆ ಜಗಳೂರಿನಿಂದ ಕುರಿ ಹೊಡೆದುಕೊಂಡು ಹೊರಡುವ ಅವಳ ಅಪ್ಪ ಗಾದ್ರಪ್ಪ ಈಗ ಹೊಲಕ್ಕೆ ಗೊಬ್ಬರವಾಗಲೆಂದು ಅಲ್ಲೇ ಮಂದೆ ತಂಗಿಸಿದ್ದ.

ಬೆಳಗಿನ ಲೆಕ್ಕ ಬಂತು. ಹತ್ತೊಂಬತ್ತರಲ್ಲಿ ಆ ಚೌಕ ಒಣಗಿಯೇ ಇತ್ತು. ಇಪ್ಪತ್ತನೆಯದರಲ್ಲಿ, ನಾಲ್ಕು ಗಂಟೆಗೆ, ಅದರ ಮೇಲೆ ಸಿಡಿಲನ್ನು ತೋರಿಸುವ ಕೆಂಪು ಬಣ್ಣ. ಇಪ್ಪತ್ತರಲ್ಲಿ ಒಂದಕ್ಕೆ ಕಚೇರಿ ಎಚ್ಚರಿಕೆ ಕೊಡುವುದಿಲ್ಲ. ಅವಳು ಫೋನ್ ಮಾಡಿದಳು.

"ಅಪ್ಪಾ, ಮಧ್ಯಾಹ್ನ ಎಲ್ಲಿರ್ತೀಯ?"

"ಎಲ್ಲಿರಾಕೆ ಆಗ್ತೈತೆ? ಹುಣಸೇಮರದ ಬುಡದಾಗೆ. ಕುರಿಗೆ ಅದೊಂದೇ ನೆಳ್ಳು."

"ಇವತ್ತು ಬ್ಯಾಡ. ಸಿಡಿಲು ಬೀಳಬೌದು. ಗೌಡ್ರ ಮನೆಗೆ ಹೋಗಿ ಕೂತ್ಕೋ."

"ಕುರಿ ಬಿಟ್ಟು?"

"ಸರಿ, ಎಲ್ಲಾ ಹೊಡ್ಕೊಂಡು ಅವರ ಹಳೇ ಮಿಲ್ಲಿನ ಗೋಡೌನಿಗೆ ಹೋಗು."

ಇಪ್ಪತ್ತು ಸಲದ ಲೆಕ್ಕವನ್ನು ಅವಳು ಬಿಡಿಸಿ ಹೇಳಿದಳು. ಗಾದ್ರಪ್ಪ ಕೆಮ್ಮಿದ.

"ಅಂದ್ರೆ ಹತ್ತೊಂಬತ್ತು ಗಾದ್ರಪ್ಪ ಆರಾಮ ಬೀಡಿ ಸೇದ್ತಾರೆ, ಒಬ್ಬ ಸಾಯ್ತಾನೆ. ನಾನ್ಯಾವೋನು ಅಂತ ನಿನ್ನ ಕಂಪ್ಯೂಟರ್ ಹೇಳಲ್ವಾ?"

"ಹಂಗನ್ನಬ್ಯಾಡ. ಹೋಗು."

ಹಿಂದಿನಿಂದ ಪಂಚಾಕ್ಷರಪ್ಪನ ದನಿ ಕೇಳಿಸಿತು: "ಗೊಬ್ಬರ ನನ್ನ ಹೊಲಕ್ಕೆ ಬೇಕು ಕಣೋ, ಗೋಡೌನಿಗಲ್ಲ! ನಿನ್ನ ಮಗಳಿಗೆ ಅವಳ ಸಮುದ್ರ ನೋಡ್ಕೊಳ್ಳಾಕೆ ಹೇಳು." ಬೈಯುತ್ತಲೇ ಆತ ಗೋಡೌನಿನ ಬೀಗದ ಕೈ ಕೊಟ್ಟ.

ಮಧ್ಯಾಹ್ನವೆಲ್ಲ ಅವಳು ರೇಡಾರ್ ನೋಡುತ್ತ ಕೂತಳು. ಮೋಡ ಎದ್ದಿತು, ಘಟ್ಟದ ಮೇಲೆಯೇ ಸುರಿದು ಚದುರಿತು. ನ್ಯಾಮತಿಗೆ ಬರಲೇ ಇಲ್ಲ.

ಸಂಜೆ ಅವನೇ ಫೋನ್ ಮಾಡಿದ.

"ಒಂದು ಹನಿ ಇಲ್ಲ. ಗೌಡ್ರು ನಕ್ಕು ನಕ್ಕು ಸಾಕಾದ್ರು."

"ನಗಲಿ ಬಿಡು. ನೀನು ಚೆನ್ನಾಗಿದ್ದೀಯಲ್ಲ."

ಅವನು ದನಿ ತಗ್ಗಿಸಿ ಕೇಳಿದ: "ಆ ಇನ್ನೊಬ್ಬ ಗಾದ್ರಪ್ಪ... ಮರದ ಕೆಳಗೇ ಇದ್ನಾ?"

ಆ ಇಪ್ಪತ್ತನೆಯವನು ಮನುಷ್ಯನೇ ಅಲ್ಲ, ಗಾಳಿ ಮತ್ತು ತೇವದ ಅಂಕಿಗಳು ಎನ್ನಬೇಕಿತ್ತು. ಅವಳ ಬಾಯಿಂದ "ಹೂಂ" ಎಂದು ಬಂತು.

"ಅವನ ಕುರಿ?"

ಮಾದರಿಯಲ್ಲಿ ಕುರಿಗಳಿರಲಿಲ್ಲ. ಮರವೂ ಇರಲಿಲ್ಲ. ಅಪ್ಪನಿಗೆ ಸಮಾಧಾನವಾಗಲೆಂದು ಅವಳು, "ಓಡಿಹೋದ್ವು ಅಪ್ಪಾ, ಒಂದಕ್ಕೂ ಏನೂ ಆಗಲಿಲ್ಲ" ಎಂದಳು.

"ಓಡಿಹೋದ್ವಾ?" ಅವನ ದನಿ ಬದಲಾಗಿತ್ತು. "ಕತ್ತಲಾಗ್ತಾ ಐತಲ್ಲವ್ವ. ಅವನು ಸತ್ತ ಮ್ಯಾಲೆ ಅಲ್ಲಿ ಹುಡುಕಾಕೆ ಯಾರದಾರೆ?"

ಫೋನ್ ಕಟ್ ಆಗಲಿಲ್ಲ. ಗೋಡೌನಿನ ಕಬ್ಬಿಣದ ಬಾಗಿಲು ಸರಿದ ಸದ್ದು. ಒಳಗೆ ಅವನ ಕುರಿಗಳೆಲ್ಲ ಅರಚುತ್ತಿದ್ದವು. ಆ ಅರಚಾಟ ಮೆಲ್ಲಗೆ ದೂರವಾಯಿತು, ಒಣಗಿದ ಜೋಳದ ಕೂಳೆ ಕಾಲಡಿ ಮುರಿಯತೊಡಗಿತು. ಅವನು ಹೊಲದ ಕಡೆ ನಡೆಯುತ್ತ, ತಪ್ಪಿದ ಕುರಿ ಕರೆಯುವ ದನಿಯಲ್ಲಿ ಕೂಗುತ್ತಿದ್ದ.

"ಅಪ್ಪಾ, ಒಳಗೆ ಬಾ" ಎಂದಳು ಪುಷ್ಪಾ. "ಅಪ್ಪಾ."

ಅವನು ಕೂಗುತ್ತಿದ್ದ, ಉತ್ತರಕ್ಕೆಂದು ನಿಲ್ಲುತ್ತಿದ್ದ, ಮತ್ತೆ ಕೂಗುತ್ತಿದ್ದ.