ಕುದಿಯುವ ನೀರಿನ ಪಾಪ

ದಂತವೈದ್ಯರ ಸಹಾಯಕಿಯಾಗಲು ಸರ್ಕಾರ ಕೇಳಿದ್ದನ್ನೆಲ್ಲ ನನ್ನ ಮಗಳು ಪ್ರಣಾಲಿ ಮುಗಿಸಿದ್ದಳು: ಹತ್ತನೆಯ ತರಗತಿ, ತರಬೇತಿ, ಪರೀಕ್ಷೆ. ಮಿರಜದಲ್ಲಿ ಕೆಲಸವೂ ಸಿಕ್ಕಿತ್ತು. ಆದರೆ ಸರ್ಕಾರಕ್ಕಿಂತ ದೊಡ್ಡವರೊಬ್ಬರು ಮಾಲಗಾಂವದ ನಮ್ಮ ಮನೆಯಲ್ಲೇ ಇದ್ದರು, ನನ್ನ ಗಂಡನ ಅಣ್ಣ, ಪ್ರಣಾಲಿಯ ಕಾಕಾ ಬಾಪೂಸಾಹೇಬ.

“ಅಲ್ಲಿ ಏನ್ ಮಾಡ್ತಿ?” ಎಂದು ಅವಳನ್ನು ಕೇಳಿದರು.

“ಇಕ್ಕಳ, ಸೂಜಿ ಎಲ್ಲಾ ಕುದಿಸಿ ರೋಗದ ಜಂತು ಕೊಲ್ಲೂದ್ರಿ, ಕಾಕಾ.”

ಭಾವ ಕಿವಿ ಮುಚ್ಚಿಕೊಂಡರು. “ಜೈನರ ಹುಡುಗಿ ದಿನಾ ಜೀವಹಿಂಸಾ ಮಾಡಿ ಪಗಾರ ತರೂದು? ನಡ್ಯಾಂಗಿಲ್ಲ!”

ಉಪದೇಶ ಮುಗಿಯಿತು. ಆ ಧರ್ಮಾತ್ಮರು ಮೂಗಿಗೆ ರುಮಾಲು ಕಟ್ಟಿಕೊಂಡು, ದ್ರಾಕ್ಷಿ ತೋಟಕ್ಕೆ ಹುಳದ ಔಷಧ ಹೊಡೆಸಲು ಹೊರಟರು. “ಒಂದ ಹುಳಾನೂ ಉಳೀಬಾರ್ದು ನೋಡು!” ಎಂದು ಆಳಿಗೆ ತಾಕೀತು ಮಾಡಿದರು.

ಪ್ರಣಾಲಿ ಬಾಗಿಲಿನಿಂದಲೇ ಕೂಗಿದಳು, “ಕಾಕಾ, ನನ್ನ ಕರ್ಕೊಂಡು ಹೋಗ್ರಿ. ಈ ಮನ್ಯಾಗ ಕೊಲ್ಲಾಕ ಸರ್ಟಿಫಿಕೇಟ್ ಇರೂದು ನನ್ನೊಬ್ಬಾಕಿ ಕಡೆನ!”