ಎಣಿಕೆಯಿಲ್ಲದ ಭಾನುವಾರ

ಆಪರೇಷನ್ ಥಿಯೇಟರಿನಲ್ಲಿ ನನ್ನ ಕೆಲಸದ ಅರ್ಧ ಭಾಗ ಎಣಿಸುವುದು. ಕೊಯ್ಯುವ ಮೊದಲು ರಕ್ತ ಒರೆಸುವ ಬಟ್ಟೆ ಎಷ್ಟು, ಸೂಜಿ ಎಷ್ಟು, ಕತ್ತರಿ ಎಷ್ಟು. ಹೊಲಿಯುವ ಮೊದಲು ಮತ್ತೆ ಅಷ್ಟೂ ಹೊರಗೆ ಬಂದಿವೆಯೇ. ಎಣಿಸುವುದಕ್ಕೂ ಪದ್ಧತಿಯಿದೆ. ಇಬ್ಬರು ಎಣಿಸಬೇಕು, ಬಾಯಿಬಿಟ್ಟು ಎಣಿಸಬೇಕು, ಒಂದೊಂದನ್ನೂ ಬಿಡಿಸಿ ನೋಡಿ ಎಣಿಸಬೇಕು. ಮಡಿಸಿದ ಬಟ್ಟೆಯನ್ನು ಮೇಲಿನಿಂದ ಮುಟ್ಟಿ 'ಮೂರು' ಎಂದರೆ ಡಾಕ್ಟರು ಸೂಜಿ ಕೆಳಗಿಟ್ಟು ಸುಮ್ಮನೆ ನಿಮ್ಮ ಮುಖ ನೋಡುತ್ತಾರೆ. ಹದಿಮೂರು ವರ್ಷಗಳಲ್ಲಿ ಆ ನೋಟಕ್ಕೆ ನಾನು ಒಂದೇ ಸಲ ಸಿಕ್ಕಿದ್ದೇನೆ. ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ.

ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಹತ್ತು ವರ್ಷದ ಮಗಳು ಒಂದು. ಏಳು ವರ್ಷದ ನಡುವಿನವನು ಎರಡು. ಎಲ್ಲದಕ್ಕೂ ವಾದ ಹೂಡುವುದರಿಂದ ಅವನನ್ನು ಲಾಯರು ಎನ್ನುತ್ತೇವೆ. ನಾಲ್ಕು ವರ್ಷದ ಕಿರಿಯವನು ಮೂರು. ಹುಟ್ಟಿದಾಗ ಬಟಾಣಿಯಷ್ಟಿದ್ದ, ಮೈ ಬೆಳೆದರೂ ಬಟಾಣಿ ಎಂಬ ಹೆಸರು ಬೆಳೆಯಲಿಲ್ಲ. ಜನ ಸೇರಿದ ಕಡೆ ನಾನು "ಎಣಿಕೆ!" ಎಂದು ಕೂಗಿದರೆ ಮೂವರೂ ತಮ್ಮ ತಮ್ಮ ಸಂಖ್ಯೆ ಕೂಗಬೇಕು. ಇದುವರೆಗೆ ಒಂದು ಮಗುವೂ ಕಳೆದಿಲ್ಲ. ನನ್ನ ಗಂಡ ಮಾತ್ರ ಎರಡು ಸಲ ಕಳೆದಿದ್ದಾರೆ. ಅವರಿಗೆ ಸಂಖ್ಯೆ ಕೊಟ್ಟಿಲ್ಲ.

ಆ ಭಾನುವಾರ ಪಾರ್ಕಿನ ಪುಟಾಣಿ ರೈಲು ನೋಡಲು ಹೊರಟಿದ್ದೆವು. ಬಟಾಣಿ ಮೂರು ವಾರದಿಂದ ಊಟ ಬಿಟ್ಟರೂ ರೈಲಿನ ಮಾತು ಬಿಟ್ಟಿರಲಿಲ್ಲ. ಬೆಳಿಗ್ಗೆ ಕಿಟಕಿ ತೆರೆದರೆ ಆಕಾಶ ಒಗೆಯದ ಹೊದಿಕೆಯ ಹಾಗಿತ್ತು.

"ಮೋಡ ನೋಡಿದ್ರಾ?" ಎಂದೆ.

"ನೋಡ್ದೆ. ಚೆನ್ನಾಗಿದೆ, ಬಿಸಿಲಿರಲ್ಲ," ಎಂದರು ಗಂಡ. ಅವರು ಲಿಫ್ಟ್ ರಿಪೇರಿಯವರು. ನಿಂತುಹೋದ ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ಹೊರಗಿನಿಂದ ಧೈರ್ಯ ಹೇಳಿ ಹೇಳಿ, ಜಗತ್ತಿನಲ್ಲಿ ಯಾವುದೂ ಅಷ್ಟೇನು ಕೆಟ್ಟಿಲ್ಲ ಎಂಬ ನಂಬಿಕೆ ಅವರಿಗೆ ಅಂಟಿಕೊಂಡಿದೆ.

ಬಾಗಿಲ ಬಳಿ ಮಗಳು ತಡೆದಳು. "ಅಮ್ಮ, ಇವತ್ತು ಎಣಿಕೆ ಬೇಡ. ನಮ್ಮ ಕ್ಲಾಸಿನವರು ಬಂದಿರ್ತಾರೆ."

"ಬಂದ್ರೆ ಬರ್ಲಿ. ಅವರನ್ನೇನು ಎಣಿಸ್ತೀನಾ?"

"ಹೋದ್ಸಲ ಚಪ್ಪಲಿ ಅಂಗಡೀಲಿ 'ಒಂದು' ಅಂತ ಕೂಗಿದ್ದಕ್ಕೆ ಇವತ್ತಿಗೂ ನನ್ನನ್ನ ನಂಬರ್ ಒನ್ ಅಂತ ರೇಗಿಸ್ತಾರೆ."

"ನಂಬರ್ ಒನ್ ಅಂದ್ರೆ ಒಳ್ಳೇದು ತಾನೇ?" ಎಂದ ಲಾಯರು. "ನಾನು ಹುಟ್ಟಿದಾಗಿಂದ ನಂಬರ್ ಟೂ. ನಾನೇನಾದ್ರೂ ಬೇಜಾರ್ ಮಾಡ್ಕೊಂಡ್ನಾ?"

ಮಗಳ ಕಣ್ಣು ತುಂಬಿತ್ತು. ಗಂಡ ನಡುವೆ ಬಂದು ರಾಜಿ ಮಾಡಿಸಿದರು: ಅಮ್ಮ ಎಣಿಸಬಹುದು, ಆದರೆ ಸದ್ದಿಲ್ಲದೆ, ತಲೆ ಮುಟ್ಟಿ. ಮಕ್ಕಳು ಬಾಯಿ ಬಿಡುವ ಹಾಗಿಲ್ಲ. ನಾನು ಬಗ್ಗಿ ಬಟಾಣಿಗೂ ಹೇಳಿದೆ: "ಇವತ್ತು ಯಾರೂ ಸಂಖ್ಯೆ ಕೂಗ್ಬಾರ್ದು. ಗೊತ್ತಾಯ್ತಾ?" ಅವನು ಗಂಭೀರವಾಗಿ ತಲೆಯಾಡಿಸಿದ. ಬಟಾಣಿಯ ಮೆದುಳಿಗೆ ಒಂದು ಮಾತು ಇಳಿದರೆ ಹತ್ತು ಆನೆ ಕಟ್ಟಿ ಎಳೆದರೂ ಹೊರಗೆ ಬರುವುದಿಲ್ಲ.

ಪಾರ್ಕಿನಲ್ಲಿ ಟಿಕೆಟ್ ಕಿಟಕಿಗೆ ನಮ್ಮ ಸರದಿ ಬಂದದ್ದಕ್ಕೂ ಮೊದಲ ಹನಿ ಬಿದ್ದದ್ದಕ್ಕೂ ಸರಿಹೋಯಿತು. ಟಿಕೆಟಿನವನು ಕೈ ಹೊರಗೆ ಚಾಚಿ ನೋಡಿ ಕಿಟಕಿ ಎಳೆದುಕೊಂಡ. "ಹಳಿ ನೆನೆದ್ರೆ ರೈಲು ಬಿಡಲ್ಲ. ನಿಂತ ಮೇಲೆ ನೋಡೋಣ." ನೋಡನೋಡುತ್ತಿದ್ದಂತೆ ಹೊರಗೆ ಬಂದು ಆ ಕೆಂಪು ಇಂಜಿನ್ನಿಗೆ ನೀಲಿ ಟಾರ್ಪಾಲು ಹೊದಿಸಿಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಆ ಬಾಯಿ ಹೇಗಿರುತ್ತದೆ ಎಂಬುದನ್ನು ಬಟಾಣಿಯ ಮುಖದಲ್ಲಿ ಕಂಡೆ.

ಎಲ್ಲಿದ್ದನೋ, ಮಳೆಕೋಟು ಮಾರುವವನೊಬ್ಬ ಪ್ರತ್ಯಕ್ಷನಾದ. ಒಂದೇ ಬಣ್ಣ, ಹಳದಿ. ಒಂದೇ ಅಳತೆ. ದೊಡ್ಡ ಮಕ್ಕಳಿಗೆ ಮೊಣಕಾಲಿಗೆ, ಚಿಕ್ಕವರಿಗೆ ನೆಲಕ್ಕೆ; ಟೋಪಿ ಎಲ್ಲರಿಗೂ ಮೂಗಿನ ತನಕ. ಹತ್ತು ನಿಮಿಷದಲ್ಲಿ ಪಾರ್ಕಿನ ಮಕ್ಕಳೆಲ್ಲ ಹಳದಿಯಾಗಿ ತಗಡಿನ ಚಾವಣಿಯ ಕೆಳಗೆ ಒತ್ತಿಕೊಂಡು ನಿಂತರು. ಕಟ್ಟಿ ತಂದ ಬ್ರೆಡ್ಡು ನೀರು ಕುಡಿದು ಮುದ್ದೆಯಾಯಿತು. ಹಳಿಯ ಪಕ್ಕದ ಕೊಳದಲ್ಲಿ ನೀರು ಏರುತ್ತಿತ್ತು. ಆಳ ನಾಲ್ಕು ಅಡಿ ಎಂದು ಬೋರ್ಡಿನಲ್ಲಿ ಬರೆದದ್ದನ್ನು ಬಂದ ಕೂಡಲೇ ಓದಿಕೊಂಡಿದ್ದೆ. ಬಟಾಣಿ ಮೂರಡಿ ಎರಡಂಗುಲ.

"ಹಳಿ ಒಣಗ್ತಾ?" ಎಂದು ಬಟಾಣಿ ಕೇಳಿದ. ಐದು ನಿಮಿಷ ಬಿಟ್ಟು ಮತ್ತೆ ಕೇಳಿದ.

"ಮೇಲಿಂದ ನೀರು ಬೀಳ್ತಿದ್ರೆ ಹೇಗೆ ಒಣಗತ್ತೆ? ಸಾಕ್ಷಿ ನಿನ್ನ ಕಣ್ಮುಂದೇನೇ ಇದೆ," ಎಂದ ಲಾಯರು.

ಒಂದೂವರೆ ಗಂಟೆ ಕಾದೆವು. ಆಮೇಲೆ ಬಸ್ಸು ಬಂತು. ಮುಂದಿನದು ಇನ್ನೊಂದು ಗಂಟೆಗೆ ಎಂದು ಯಾರೋ ಕೂಗಿದರು. ಜನ ನುಗ್ಗಿದರು. ಗಂಡ ಚೀಲ ಹೊತ್ತು ಮುಂದೆ ಓಡಿದರು. ನಾನು ಬಾಗಿಲಲ್ಲಿ ನಿಂತು, ಒಪ್ಪಂದದಂತೆ ತುಟಿಪಿಟಕ್ಕೆನ್ನದೆ, ಹಳದಿ ಟೋಪಿಗಳನ್ನು ಮುಟ್ಟಿ ಒಳಕ್ಕೆ ತಳ್ಳಿದೆ. ಒಂದು. ಎರಡು. ಮೂರು. ಲೆಕ್ಕ ಸರಿಯಾಗಿತ್ತು. ಬಸ್ಸು ಹೊರಟಿತು.

ಸೀಟು ಸಿಕ್ಕ ಮೇಲೆ ಟವೆಲ್ಲು ತೆಗೆದು ಮಗಳ ತಲೆ ಒರೆಸಿದೆ. ಲಾಯರ ತಲೆಯನ್ನು ಅವನ ಆಕ್ಷೇಪಣೆಯ ನಡುವೆಯೇ ಒರೆಸಿದೆ. ಮೂರನೆಯ ಟೋಪಿ ಹಿಂದಕ್ಕೆ ಸರಿಸಿದೆ. ಕೆಂಪು ರಿಬ್ಬನ್ನು ಕಟ್ಟಿದ ಎರಡು ಜಡೆಗಳು ಹೊರಗೆ ಬಂದವು.

ನನ್ನ ಮಗನಿಗೆ ಜಡೆಯಿಲ್ಲ.

"ನೀ... ನೀನ್ಯಾರಮ್ಮ?"

"ನೀವು ತಲೆ ಮುಟ್ಟಿ ಒಳಗೆ ತಳ್ಳಿದ್ರಿ," ಎಂದಳು ಆ ಹುಡುಗಿ, ತಪ್ಪೆಲ್ಲ ನನ್ನದೇ ಎಂಬಂತೆ. ತಪ್ಪು ನನ್ನದೇ. "ಅದಕ್ಕೇ ಬಂದೆ. ಬಿಸ್ಕತ್ತಿದ್ಯಾ?"

ನನ್ನ ಕೈಯಲ್ಲಿದ್ದ ಟವೆಲ್ಲು ಎಲ್ಲಿ ಬಿತ್ತೋ. ಕಣ್ಣ ಮುಂದೆ ಒಂದು ಬೋರ್ಡು ಮಾತ್ರ ಇತ್ತು: ಆಳ ನಾಲ್ಕು ಅಡಿ.

ಗಂಡ ಎದ್ದು ನಿಂತು, ಅಭ್ಯಾಸಬಲದಿಂದ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು: "ಯಾರೂ ಗಾಬರಿ ಆಗ್ಬೇಡಿ. ಬಾಗಿಲಿಂದ ದೂರ ನಿಂತ್ಕೊಳ್ಳಿ. ಹತ್ತೇ ನಿಮಿಷ..." ಅಲ್ಲಿಗೆ ಅವರ ಧ್ವನಿ ನಿಂತಿತು. ಆ ಮಾತನ್ನು ಅವರು ಯಾವಾಗಲೂ ಹೊರಗೆ ನಿಂತು ಹೇಳುವವರು. ಈ ಸಲ ಒಳಗಿದ್ದವರು ನಾವು.

ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರು ಅನ್ನೋದು ಕೇಳಿದ್ದೆ. ಕಂಕುಳಲ್ಲಿ ಇನ್ನೊಬ್ಬರ ಕೂಸು ಇಟ್ಕೊಂಡು ಹೊರಟವರನ್ನ ಇವತ್ತೇ ನೋಡಿದ್ದು. ಓಡಿ, ಓಡಿ! ಇನ್ನೂ ಒಂದು ಸ್ಟಾಪೂ ಆಗಿಲ್ಲ."

ಓಡಿದೆವು. ಗಂಡನ ಹೆಗಲ ಮೇಲೆ ಕೂತ ಜಡೆಯವಳು ಹೊಂಡ ಬಂದಾಗಲೆಲ್ಲ "ಇನ್ನೊಂದ್ಸಲ ಹಾರಿ!" ಎನ್ನುತ್ತಿದ್ದಳು. ಆ ದಿನದ ವಿಹಾರದಲ್ಲಿ ಅಲ್ಲಿಯವರೆಗೆ ಸಂತೋಷಪಟ್ಟವಳು ಅವಳೊಬ್ಬಳೇ.

ಪಾರ್ಕಿನ ಗೇಟಿನಲ್ಲೇ ಅವಳ ತಾಯಿ ಸಿಕ್ಕಿದರು. ಕೈಯಲ್ಲಿ ಮುರಿದ ಛತ್ರಿ, ಮುಖದಲ್ಲಿ ರಕ್ತವಿಲ್ಲ. ಮಗಳನ್ನು ಕಸಿದುಕೊಂಡು, "ಏನ್ರೀ ಇದು, ಮಕ್ಕಳನ್ನ ತರಕಾರಿ ಥರ ಆರಿಸ್ಕೊಂಡು ಹೋಗ್ತೀರಾ?" ಎಂದರು. ತಪ್ಪಾಯಿತು ಎಂದು ಕೈಮುಗಿದೆ. "ನನ್ನ ಮಗ, ನಾಲ್ಕು ವರ್ಷ, ಇದೇ ಹಳದಿ ಕೋಟು, ನಿಮ್ಮ ಹತ್ರ ಏನಾದ್ರೂ..."

ಅವರ ಸಿಟ್ಟು ಅಲ್ಲೇ ಇಳಿಯಿತು. "ಇಲ್ವಲ್ರೀ," ಎಂದರು ಮೆಲ್ಲಗೆ.

ಚಾವಣಿಯ ಕೆಳಗೆ ಇನ್ನೂ ಐವತ್ತು ಹಳದಿ ಕೋಟುಗಳಿದ್ದವು. ಒಂದೊಂದೇ ಟೋಪಿ ಎತ್ತಿ ನೋಡುತ್ತ ಹೋದೆ. ಈಗ ಪದ್ಧತಿ ನೆನಪಾಗಿತ್ತು. ಜಡೆಯವಳ ತಾಯಿ ಇನ್ನೊಂದು ತುದಿಯಿಂದ ಎತ್ತುತ್ತ ಬಂದರು. ಯಾವ ಟೋಪಿಯ ಕೆಳಗೂ ಅವನಿರಲಿಲ್ಲ. "ಬಟಾಣಿ! ಬಟಾಣೀ!" ಎಂದು ಗಂಡ ಕೂಗಿದರು. "ಬಟಾಣಿ ಇಲ್ಲ ಸ್ವಾಮಿ, ಕಡಲೆಕಾಯಿ ಇದೆ, ಬಿಸಿಯಾಗಿದೆ," ಎಂದು ಮೂಲೆಯಿಂದ ಉತ್ತರ ಬಂತು. ಬೇರೆ ದಿನವಾಗಿದ್ದರೆ ಒಂದು ವಾರ ನಗುತ್ತಿದ್ದೆವು. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ನನ್ನ ಧ್ವನಿ ನನಗೇ ಕೇಳುತ್ತಿರಲಿಲ್ಲ. ಕೊಳದ ಅಂಚಿಗೆ ಹೋದೆ. ನೀರಿನ ಮೇಲೆ ಹನಿಗಳ ಗುಳ್ಳೆಗಳು ಬಿಟ್ಟರೆ ಏನೂ ಇರಲಿಲ್ಲ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ನಿಂತೆ.

"ಅಮ್ಮ," ಎಂದ ಪಕ್ಕಕ್ಕೆ ಬಂದ ಲಾಯರು. "ಅವನಿಗೆ ಕೇಳಿಸಿದ್ರೂ ಮಾತಾಡಲ್ಲ. ನೀನೇ ಕೂಗ್ಬೇಡ ಅಂದಿದ್ದೀಯಲ್ಲ."

ಆಗ ಮಗಳು ನನ್ನ ಕೈ ಬಿಡಿಸಿಕೊಂಡಳು. ಚಾವಣಿಯ ಕೆಳಗೆ, ಎದುರಿಗೇ, ಅವಳ ವಯಸ್ಸಿನ ಮೂವರು ಹುಡುಗಿಯರು ಅವಳನ್ನೇ ನೋಡುತ್ತ ಏನೋ ಗುಸುಗುಸು ಮಾಡುತ್ತಿದ್ದರು. ಅವಳೂ ಅವರನ್ನು ನೋಡಿದಳು. ನೋಡಿಯೇ ಕಲ್ಲುಬೆಂಚಿನ ಮೇಲೆ ಹತ್ತಿದಳು, ಟೋಪಿ ಕಿತ್ತು ಹಿಂದಕ್ಕೆಸೆದಳು, ಎರಡು ಕೈಯನ್ನೂ ಬಾಯಿಗಿಟ್ಟು ಗಂಟಲು ಹರಿಯುವಂತೆ ಕೂಗಿದಳು:

"ಎಣಿಕೇ! ಒಂದೂ!"

"ಎರಡೂ!" ಎಂದ ಲಾಯರು, ಅಳುತ್ತ.

ಮಳೆ. ಬರೀ ಮಳೆ.

"ಒಂದೂ!"

"ಎರಡೂ!"

ನೀಲಿ ಟಾರ್ಪಾಲು ಅಲುಗಿತು. ಅದರ ಅಡಿಯಿಂದ, ಇಂಜಿನ್ನಿನ ಹೊಟ್ಟೆಯಿಂದ, ಸ್ವಲ್ಪ ಬೇಸರದ ದನಿಯೊಂದು ಬಂತು: "ಮೂರು."

ನಾನು ಹೇಗೆ ಅಲ್ಲಿಗೆ ತಲುಪಿದೆನೋ ತಿಳಿಯದು. ಟಾರ್ಪಾಲು ಎತ್ತಿದರೆ ಬಟಾಣಿ ಡ್ರೈವರ್ ಸೀಟಿನಲ್ಲಿ ಬೆಚ್ಚಗೆ ಕೂತಿದ್ದ. ಮೈಮೇಲೆ ಒಂದು ಹನಿಯಿಲ್ಲ. ಎರಡು ಕೈಯಲ್ಲೂ ಹಿಡಿಕೆ.

"ನಾವು ಕೂಗಿದ್ದು ಕೇಳಿಸ್ಲಿಲ್ವೇನೋ?" ನಾನು ಅವನ ಕೆನ್ನೆ, ಕಿವಿ, ಬೆರಳುಗಳನ್ನೆಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

"ಕೇಳಿಸ್ತು. ಡ್ರೈವರ್ ರೈಲು ಬಿಟ್ಟು ಬರೋ ಹಾಗಿಲ್ಲ." ಅಕ್ಕನ ಕಡೆ ತಿರುಗಿದ. "ಇವತ್ತು ಎಣಿಕೆ ಇಲ್ಲ ಅಂದಿದ್ದೆ ನೀನು."

"ಈಗ ಇದೆ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ.

ಗಂಡ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಕುಸಿದು ಕೂತಿದ್ದರು. ಟಿಕೆಟಿನವನು ಓಡಿಬಂದು ಬೈಯಲು ಬಾಯಿ ತೆರೆದ; ನಮ್ಮನ್ನು ನೋಡಿ, ಏನನ್ನಿಸಿತೋ, ಇಂಜಿನ್ನಿನೊಳಗೆ ಕೈ ಹಾಕಿ ಒಂದು ಸಲ ಗಂಟೆ ಬಾರಿಸಿ ಹೋದ. ರೈಲು ಒಂದು ಅಂಗುಲವೂ ಕದಲಲಿಲ್ಲ. ಬಟಾಣಿಯ ಪಾಲಿಗೆ ಅದು ಹೊರಟು ಊರು ಸುತ್ತಿ ಬಂದಿತ್ತು.

ಮುಂದಿನ ಬಸ್ಸಿಗೆ ಸಾಲಿನಲ್ಲಿ ನಿಂತಾಗ ಮಗಳ ಕ್ಲಾಸಿನ ಹುಡುಗಿಯರು ನಮ್ಮ ಹಿಂದೆಯೇ ಇದ್ದರು. ಜಡೆಯವಳೂ ಅವಳ ತಾಯಿಯೂ ನಮ್ಮ ಮುಂದೆ. ಬಾಗಿಲು ತೆರೆಯಿತು. ತಲೆ ಮುಟ್ಟುವ ಎಣಿಕೆಯನ್ನು ಇನ್ನು ನಂಬುವ ಹಾಗಿರಲಿಲ್ಲ, ಕೂಗಲು ಒಪ್ಪಂದ ಬಿಡುತ್ತಿರಲಿಲ್ಲ; ನಾನು ಕೈ ಜೇಬಿಗಿಟ್ಟುಕೊಂಡು ನಿಂತೆ. ಮಗಳು ಕತ್ತು ತಿರುಗಿಸಿ ನನ್ನನ್ನು ನೋಡಿದಳು.

"ಏನಮ್ಮ, ನಿದ್ದೆ ಮಾಡ್ತಿದ್ದೀಯಾ? ಎಣಿಸು."

"ಎಣಿಕೆ," ಎಂದೆ.

"ಒಂದು!" "ಎರಡು!" "ಮೂರು!" ಮೂವರ ಟೋಪಿಯೂ ಹಿಂದಕ್ಕೆ ಸರಿದಿತ್ತು, ಮೂರು ಮುಖಗಳನ್ನೂ ನೋಡಿದೆ.

"ನಾಲ್ಕು!" ಎಂದು ಕೂಗಿದಳು ಜಡೆಯವಳು.

ಅವಳ ತಾಯಿ ಅವಳನ್ನು ಇನ್ನಷ್ಟು ಗಟ್ಟಿಯಾಗಿ ಅವುಚಿಕೊಂಡು, ನನ್ನ ಕಡೆ ಓರೆಗಣ್ಣಿಂದ ನೋಡಿ, ಬಸ್ಸಿನ ಮುಂದಿನ ತುದಿಗೆ ಹೋಗಿ ಕೂತರು.