ಶಿವದಾರದ ಗಂಟು

ಅತ್ತೆಯ ಕೊರಳಿನ ಶಿವದಾರದ ಗಂಟು ತಾನು ಹಾಕಿದ್ದಲ್ಲ ಎಂದು ಶಾಂತಕುಮಾರಿಗೆ ಗೊತ್ತಾದದ್ದು ಸೋಮವಾರ ಸಂಜೆ, ಮೈ ಒರೆಸುವಾಗ. ಅವಳು ಹಾಕುತ್ತಿದ್ದದ್ದು ಸಡಿಲವಾದ ಒಂದೇ ಸುತ್ತು. ಇದು ಚಪ್ಪಟೆಯಾಗಿ, ಬಿಗಿಯಾಗಿ, ಆಸ್ಪತ್ರೆಯವರು ಗಾಯದ ಪಟ್ಟಿಗೆ ಹಾಕುವ ಗಂಟಿನ ಹಾಗಿತ್ತು. ದಾರದಲ್ಲಿದ್ದ ಲಿಂಗದ ಕರಡಿಗೆ ಬೆಳ್ಳಿಯದು, ಅತ್ತೆ ಉಚ್ಚಂಗಮ್ಮನ ತವರಿನವರು ಮಾಡಿಸಿಕೊಟ್ಟದ್ದು. ಬಿಚ್ಚಿದವರು ಯಾರು? ಹಗಲು ಮನೆಯಲ್ಲಿರುವವರು ಇಬ್ಬರೇ. ಉಚ್ಚಂಗಮ್ಮನಿಗೆ ಲಕ್ವ ಹೊಡೆದು, ಬಲಗೈ ಬಲಗಾಲು ಬಿದ್ದುಹೋಗಿ, ಮಾತೂ ನಿಂತು ಐದು ತಿಂಗಳಾಗಿತ್ತು. ಇನ್ನೊಬ್ಬಳು ಆಯಾ ಖೈರುನ್ನೀಸಾ.

ಹಾಸಿಗೆ ಹಿಡಿದವರಿಗೆ ಸಂಬಳದ ಹೆಂಗಸನ್ನು ಇಡುವುದು ಅವರ ಮನೆತನದಲ್ಲಿ ಯಾರೂ ಮಾಡಿದ ಕೆಲಸವಲ್ಲ. ಆಸ್ಪತ್ರೆಯವರು ಇಪ್ಪತ್ತು ದಿನ ಇಟ್ಟುಕೊಂಡು, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಆವರಗೆರೆಯ ನಾದಿನಿ ಒಂದು ತಿಂಗಳು ನೋಡಿ, ಎಮ್ಮೆ ಈದಿದೆ ಎಂದು ತಾಯಿಯನ್ನು ಗಾಡಿಯಲ್ಲಿ ಮಲಗಿಸಿ ದಾವಣಗೆರೆಗೆ ವಾಪಸ್ಸು ತಂದುಬಿಟ್ಟಳು. ಗಂಡ ಕರಿಬಸವರಾಜ ಹತ್ತಿ ಗಿರಣಿಯ ಗುಮಾಸ್ತ; ಅವನು ನೌಕರಿ ಬಿಡುವ ಮಾತೇ ಇರಲಿಲ್ಲ. ಬಿಡುವುದಾದರೆ ಶಾಂತಕುಮಾರಿ ಬಿಡಬೇಕು. ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳದು ಟೆಂಪರರಿ ಕೆಲಸ. ಅರವತ್ಮೂರರ ಮಾರ್ಚಿನವರೆಗೆ ತಪ್ಪದೆ ಹೋದರೆ ಕಾಯಂ. ರಜೆ ಮೀರಿದರೆ ಆ ಜಾಗಕ್ಕೆ ಇನ್ನೊಬ್ಬಳು ಕಾದಿದ್ದಾಳೆ ಎಂದು ಹೆಡ್‌ಮೇಡಂ ಎರಡು ಸಲ ಹೇಳಿದ್ದರು. ಅದಕ್ಕೇ ಹರಿಹರದ ಆಸ್ಪತ್ರೆಯಲ್ಲಿ ದುಡಿದಿದ್ದ ವಿಧವೆ ಖೈರುನ್ನೀಸಾಳನ್ನು ಗೊತ್ತು ಮಾಡಿದ್ದು. ಬೆಳಗಿನ ರೈಲಿಗೆ ಬರಬೇಕು, ಸಂಜೆಯ ರೈಲಿಗೆ ಹೋಗಬೇಕು, ಅಡಿಗೆಮನೆಯ ಹೊಸ್ತಿಲು ದಾಟಬಾರದು ಎಂದು ಕರಾರಾಗಿತ್ತು.

ಗಂಟು ಕಂಡ ಮೇಲೆ ಉಳಿದದ್ದೂ ಒಂದೊಂದಾಗಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಶಾಂತಕುಮಾರಿ ಗಂಜಿ ಹಿಡಿದು ಕೂತರೆ ಅತ್ತೆ ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ಗಂಟಲಿಗೂ ಲಕ್ವ ತಾಗಿರಬೇಕು ಎಂದಿದ್ದರು ಡಾಕ್ಟರು. ಆದರೆ ಖೈರುನ್ನೀಸಾ ಬಂದ ಮೇಲೆ ಮಧ್ಯಾಹ್ನದ ಬಟ್ಟಲು ದಿನವೂ ಬರಿದು. ಆ ಅನ್ನ ಯಾರ ಹೊಟ್ಟೆಗೆ ಹೋಗುತ್ತಿತ್ತು? ಹನ್ನೆರಡರ ಸುಮಾರಿಗೆ ಬಾಗಿಲಿಗೆ ಒಳಗಿಂದ ಚಿಲಕ ಬೀಳುತ್ತದೆ ಎಂದು ಎದುರುಮನೆಯವರು ಬೇರೆ ಹೇಳಿದ್ದರು. ಅತ್ತೆಯ ಕೆನ್ನೆ ಸ್ವಲ್ಪ ತುಂಬಿದ್ದು ಮಾತ್ರ ಅವಳಿಗೆ ಕಾಣಲಿಲ್ಲ. ಅನುಮಾನ ತನಗೆ ಬೇಕಾದಷ್ಟನ್ನೇ ನೋಡುತ್ತದೆ.

ಗಂಡ ಕರಡಿಗೆಯನ್ನು ಅಂಗೈಯಲ್ಲಿ ತೂಗಿ, "ಅದಾ ಐತಲ್ಲ," ಎಂದ.

"ಇವತ್ತು ಐತೆ. ಬಿಚ್ಚಿ ರೂಢಿ ಮಾಡ್ಕೊಂಡೋಳು ಒಂದಿನ ತಗೊಂಡಾ ರೈಲು ಹತ್ತತಾಳೆ."

"ಹಂಗಾದ್ರೆ ಬಿಡಿಸಿಬಿಡು. ನೀನಾ ಮನ್ಯಾಗಿರು."

ಅವನು ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ಶಾಂತಕುಮಾರಿ ಕರಡಿಗೆಯನ್ನು ಅವನ ಕೈಯಿಂದ ತೆಗೆದು ಅತ್ತೆಯ ಎದೆಯ ಮೇಲಿಟ್ಟಳು.

ಬುಧವಾರ ಅವಳು ಉಳಿದಿದ್ದ ಒಂದೇ ಒಂದು ರಜೆ ಹಾಕಿದಳು. ಮನೆಯಲ್ಲಿ ಹೇಳಲಿಲ್ಲ. ಖೈರುನ್ನೀಸಾ ಬಂದೊಡನೆ ಶಾಲೆಗೆಂಬಂತೆ ಚೀಲ ಹಿಡಿದು ಹೊರಟು ಹರಿಹರದ ಬಸ್ಸು ಹತ್ತಿದಳು. ಅಲ್ಲಿ ಅಂಜಿನವ್ವ ಎಂಬವರ ಮನೆಯಲ್ಲಿ ಖೈರುನ್ನೀಸಾ ಎರಡು ವರ್ಷ ಅವರ ಮಾವನನ್ನು ನೋಡಿಕೊಂಡಿದ್ದಳು. ಅಂಜಿನವ್ವ ಅಕ್ಕಿ ಆರಿಸುತ್ತ, ತಲೆಯೆತ್ತದೆ ಉತ್ತರ ಕೊಟ್ಟಳು.

"ಕೈ ಸ್ವಚ್ಛ ಐತ್ರಿ. ನನ್ನ ಸರ ದಿಂಬಿನ ಮ್ಯಾಲೆ ಬಿಟ್ಟು ಹೊಳೀಗೆ ಹೋಗ್ತಿದ್ದೆ."

"ಮತ್ತೆ ಯಾಕ ಬಿಡಿಸಿದ್ರಿ?"

"ಮನಿಯವ್ರ ಮಾತು ಕೇಳಲ್ಲ, ಮಲಗಿದವ್ರ ಮಾತು ಕೇಳ್ತಾಳೆ. ಮಾವಗೆ ಬೀಡಿ ಕೊಡಬ್ಯಾಡ ಅಂತ ಡಾಕ್ಟ್ರು ಹೇಳಿದ್ರೆ, ಈಕಿ ಹಚ್ಚಿ ಬಾಯಾಗಿಟ್ಟಳು."

ತಮ್ಮ ಅತ್ತೆಗೆ ಮಾತೇ ಇಲ್ಲವಲ್ಲ ಎಂದಳು ಶಾಂತಕುಮಾರಿ. ಅಂಜಿನವ್ವ ಮೊರ ಕೊಡವಿ ನಕ್ಕಳು. "ಅದು ನಿಮಗ್ರಿ."

ಬಸ್ಸಿನಲ್ಲಿ ವಾಪಸ್ಸು ಬರುವಾಗ ಅನುಮಾನ ಕರಗುವ ಬದಲು ಇಮ್ಮಡಿಯಾಯಿತು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಿಟ್ಟುಕೊಡುತ್ತಾರೆಯೇ? ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬಾಗಿಲು ಒಳಗಿಂದ ಭದ್ರ. ಅವಳು ಬಡಿಯದೆ, ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಲಿನ ಕಿಟಕಿಗೆ ಹೋಗಿ ನಿಂತಳು.

ಉಚ್ಚಂಗಮ್ಮ ದಿಂಬಿಗೊರಗಿ ಕೂತಿದ್ದಳು. ಹಣೆಯಲ್ಲಿ ವಿಭೂತಿಯ ಮೂರು ಗೆರೆ. ಎಡ ಅಂಗೈಯ ಮೇಲೆ ಲಿಂಗ. ಖೈರುನ್ನೀಸಾ ತಲೆಯ ಮೇಲೆ ಸೆರಗು ಹೊದ್ದು ಪಕ್ಕದಲ್ಲಿ ಕೂತು, ಮುದುಕಿಯ ಸತ್ತ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದಿದ್ದಳು. ಆ ಕೈಯ ಬೆರಳುಗಳನ್ನೇ ನೀರಿಗೆ ಅದ್ದಿ ಲಿಂಗದ ಮೇಲೆ ಹನಿಸಿದಳು, ವಿಭೂತಿ ಹಚ್ಚಿಸಿದಳು, ಹೂವೇರಿಸಿದಳು. ಅವಳ ಬೆರಳು ಒಮ್ಮೆಯೂ ಲಿಂಗಕ್ಕೆ ತಾಗಲಿಲ್ಲ. ಪೂಜೆ ಮುಗಿದ ಮೇಲೆ ಉಚ್ಚಂಗಮ್ಮ ಎಡಗೈಯಿಂದಲೇ ಲಿಂಗವನ್ನು ಕರಡಿಗೆಗೆ ಜಾರಿಸಿದಳು. ಖೈರುನ್ನೀಸಾ ದಾರ ಬಿಗಿದಳು. ಆಮೇಲೆ ಬಟ್ಟಲು ಬಂತು. ಚಮಚ ಹತ್ತಿರ ಬರುವ ಮೊದಲೇ ಮುದುಕಿ ಬಾಯಿ ತೆರೆಯುತ್ತಿದ್ದಳು.

ರೋಗಿಗೆ ಲಿಂಗವನ್ನು ಕಣ್ಣಿಗೊತ್ತಿದರೆ ಸಾಕು ಎಂದು ಮಠದ ಅಯ್ಯನವರು ಹೇಳಿದ್ದರು. ಆವರಗೆರೆಯಿಂದ ಕರೆತಂದಂದಿನಿಂದ ಶಾಂತಕುಮಾರಿ ಬೆಳಿಗ್ಗೆ ಕರಡಿಗೆಯನ್ನು ಅತ್ತೆಯ ಕಣ್ಣಿಗೆ ಒತ್ತಿ, ಗಂಜಿ ಮುಂದೆ ಹಿಡಿಯುತ್ತಿದ್ದಳು. ಪೂಜೆಯಾಗದೆ ಐವತ್ತು ವರ್ಷ ಬಾಯಿಗೆ ನೀರು ಹಾಕದವಳನ್ನು, ನಿನಗೆ ಸಾಕೇ ಎಂದು ಯಾರೂ ಕೇಳಿರಲಿಲ್ಲ. ಎಲ್ಲರೂ ಗಂಟಲನ್ನೇ ದೂರಿದ್ದರು.

ಮುಂಬಾಗಿಲು ಬಡಿದಳು. ತೆರೆದ ಖೈರುನ್ನೀಸಾ ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿದಳು.

"ಇದನ್ನ ಮಾಡು ಅಂತ ನಿನಗ್ಯಾರು ಹೇಳಿದ್ರು?"

"ಅವ್ವಾರು. ಮೂರು ದಿನ ಎಡಗೈಲಿ ದಾರ ಜಗ್ಗಿದ್ರು. ನಾಲ್ಕನೇ ದಿನ ನನಗೆ ತಿಳೀತು."

"ಮನಿಯವ್ರಿಗೆ ಗೊತ್ತಾದ್ರೆ ನಿನ್ನ ನಿಲ್ಲಿಸಿಕೊಳ್ಳಲ್ಲ."

"ಹಂಗಾದ್ರೆ ನಾಳೆಯಿಂದ ನೀವಾ ಮಾಡ್ರಿ ಅಕ್ಕೋರೆ. ನಾನು ಉಣಿಸ್ತೀನಿ ಅಷ್ಟೆ."

ಮರುದಿನ ಶಾಂತಕುಮಾರಿ ಬೇಗ ಎದ್ದು, ಸ್ನಾನ ಮಾಡಿ, ಅತ್ತೆಯನ್ನು ದಿಂಬಿಗೊರಗಿಸಿ ಕೂತಳು. ಕರಡಿಗೆ ಬಿಚ್ಚಿ ಲಿಂಗವನ್ನು ಎಡ ಅಂಗೈಗೆ ಇಳಿಸಿದಳು. ಅತ್ತೆಯ ಬಲಗೈ ಎತ್ತಲು ಹೋದಾಗ ಉಚ್ಚಂಗಮ್ಮ ಲಿಂಗವಿದ್ದ ಎಡ ಮುಷ್ಟಿ ಮುಚ್ಚಿದಳು.

"ಅತ್ತೆ, ನಾನಾ ಮಾಡಿಸ್ತೀನಿ, ತೆಗೀರಿ."

ತೆಗೆಯಲಿಲ್ಲ. ಬೆರಳು ಬಿಡಿಸಲು ನೋಡಿದಳು. ಆ ಕೈಯಲ್ಲಿ ಅಷ್ಟು ಕಸುವು ಇದೆಯೆಂದು ಅವಳಿಗೆ ತಿಳಿದಿರಲಿಲ್ಲ. ಮುದುಕಿ ಸೊಸೆಯ ಕೈಗಳನ್ನೇ ನೋಡುತ್ತಿದ್ದಳು, ಸಂತೆಯಲ್ಲಿ ಪಕ್ಕಕ್ಕೆ ಒತ್ತಿ ನಿಂತ ಕಿಸೆಗಳ್ಳನ ಕೈ ನೋಡುವ ಹಾಗೆ.

ಗಿರಣಿಗೆ ಹೊರಟ ಗಂಡ ಬಾಗಿಲಲ್ಲಿ ನಿಂತು, ಅವ್ವ ಇವತ್ತೂ ಉಣ್ಣಲಿಲ್ಲವೇ ಎಂದ. ಆ ಹೆಂಗಸನ್ನು ಬಿಡಿಸುವುದು ಏನಾಯಿತು ಎಂದೂ ಕೇಳಿದ.

"ಇರ್ಲಿ ಬಿಡ್ರಿ. ಹರಿಹರದಾಗ ವಿಚಾರಿಸಿದೆ. ಕಳ್ಳಿ ಅಲ್ವಂತೆ."

"ಅಷ್ಟಾ?"

"ಅಷ್ಟಾ."

ಅವನು ಹೋದ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಖೈರುನ್ನೀಸಾ ಕಾಲು ತೊಳೆಯುವ ಸದ್ದಾಯಿತು. ಉಚ್ಚಂಗಮ್ಮ ಕಣ್ಣನ್ನು ಸೊಸೆಯಿಂದ ತೆಗೆದು ಬಾಗಿಲಿಗೆ ಹೊರಳಿಸಿದಳು. ಶಾಂತಕುಮಾರಿ ಎದ್ದು ಜಾಗ ಬಿಟ್ಟುಕೊಟ್ಟು, ಆರಿದ ಗಂಜಿಗೆ ತಟ್ಟೆ ಮುಚ್ಚಿ, ಶಾಲೆಗೆ ಹೊರಟಳು.